ಆಫ್ರಿಕಾದ ಪಾಠದಲ್ಲಿ ಮೊದಲು ಬಣ್ಣವೋ, ಮೊದಲು ಪ್ರಶ್ನೆಯೋ?

ಕಾಡಂಚಿನ ಶಾಲೆ:

ಎಲ್ಲರಿಗೂ ನಮಸ್ಕಾರ. ನಾನು ಉತ್ತರ ಕನ್ನಡದ ಘಟ್ಟದ ಮೇಲಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕಳೆದ ವರ್ಷ ಒಂಬತ್ತನೇ ತರಗತಿಗೆ ಆಫ್ರಿಕಾದ ಸಂಸ್ಕೃತಿಗಳ ಕುರಿತು ಮೂರು ವಾರಗಳ ಘಟಕವೊಂದನ್ನು ನಾನಾಗಿಯೇ ಸಿದ್ಧಪಡಿಸಿ ನಡೆಸಿದೆ. ಮೊದಲ ಎರಡು ವಾರ ಮಕ್ಕಳು ಗುಂಪುಗಳಲ್ಲಿ ಕೂತು ದೇಶ, ರಾಜಧಾನಿ, ನದಿ, ಬೆಳೆ, ಭಾಷೆ ಎಂದು ಪಟ್ಟಿ ಮಾಡಿದರು. ಮೂರನೆಯ ವಾರ ಕಾಗದದ ತಟ್ಟೆಗಳ ಮೇಲೆ ಮುಖವಾಡ ಬರೆದು ಬಣ್ಣ ಹಚ್ಚಿದರು. ವಾರ್ಷಿಕೋತ್ಸವದ ದಿನ ಅವನ್ನೆಲ್ಲ ವರಾಂಡದ ಗೋಡೆಗೆ ಅಂಟಿಸಿದ್ದೆವು. ನೋಡಿದವರು ಮೆಚ್ಚಿಕೊಂಡರು, ನಾನೂ ಹಿಗ್ಗಿದೆ.

ಮರುದಿನ ಅವುಗಳನ್ನು ಬಿಡಿಸಿ ಕಟ್ಟಿಡುವಾಗ ಒಬ್ಬ ಹುಡುಗಿ, "ಟೀಚರ್, ಇದು ಯಾರ ಮುಖವಾಡ?" ಎಂದು ಕೇಳಿದಳು. ಯಾವ ದೇಶದ್ದು ಎಂದಲ್ಲ, ಯಾರದು ಎಂದು. ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಅದು ಯಾರದೂ ಆಗಿರಲಿಲ್ಲ. ಇಂಟರ್ನೆಟ್ಟಿನಲ್ಲಿ ಸಿಕ್ಕ ಹತ್ತಾರು ಚಿತ್ರಗಳಲ್ಲಿ ಒಂದರಿಂದ ಕಣ್ಣು, ಇನ್ನೊಂದರಿಂದ ಮೂಗು ತೆಗೆದುಕೊಂಡು ನಾವು ಜೋಡಿಸಿದ್ದ ಮುಖ ಅದು. ಮೊದಲ ಎರಡು ವಾರದ ಓದು ಮತ್ತು ಮೂರನೆಯ ವಾರದ ಕೈಕೆಲಸ ಒಂದೇ ಮನೆಯಲ್ಲಿದ್ದೂ ಮಾತು ಬಿಟ್ಟ ಅಣ್ಣತಮ್ಮಂದಿರಂತೆ ಇದ್ದವು ಎಂಬುದು ನನಗೆ ಆಗ ಹೊಳೆಯಿತು. ಈ ವರ್ಷ ಮತ್ತೆ ಅದೇ ಘಟಕ ಮಾಡಬೇಕೆಂದಿದ್ದೇನೆ. ಸಂಶೋಧನೆಯನ್ನೂ ಕಲೆಯನ್ನೂ ನಿಜವಾಗಿ ಹೆಣೆಯುವುದು ಹೇಗೆ ಎಂದು ಅನುಭವವುಳ್ಳವರು ತಿಳಿಸಿದರೆ ಉಪಕಾರವಾಗುತ್ತದೆ.

ಬಣ್ಣದ ಡಬ್ಬಿ:

ಮೇಡಂ, ನಾನು ಧಾರವಾಡದ ಕಡೆಯ ಚಿತ್ರಕಲಾ ಶಿಕ್ಷಕ. ತಟ್ಟೆಯ ಮುಖವಾಡವನ್ನು ನಾನೂ ಎಷ್ಟೋ ವರ್ಷ ಮಾಡಿಸಿದ್ದೇನೆ, ಆದ್ದರಿಂದ ನಿಮ್ಮನ್ನು ದೂರುವ ಹಕ್ಕು ನನಗಿಲ್ಲ. ಆದರೆ ಅದರಲ್ಲಿ ಇರುವ ತಪ್ಪು ಬರೀ "ಯಾರದು" ಎಂಬಲ್ಲಿಗೆ ನಿಲ್ಲುವುದಿಲ್ಲ. ಮಾಲಿ ದೇಶದ ಬಮನಾ ಜನರ ಚಿವಾರಾವನ್ನು ನೋಡಿ. ಚಿತ್ರಪುಸ್ತಕಗಳು ಅದನ್ನು ಮುಖವಾಡ ಎಂದೇ ಕರೆಯುತ್ತವೆ, ಆದರೆ ಅದನ್ನು ಮುಖಕ್ಕೆ ಕಟ್ಟುವುದೇ ಇಲ್ಲ. ಜಿಂಕೆಯನ್ನು ಹೋಲುವ ಆ ಮರದ ಕೆತ್ತನೆಯನ್ನು ಬುಟ್ಟಿಯಂಥ ಟೊಪ್ಪಿಗೆಗೆ ಬಿಗಿದು ತಲೆಯ ಮೇಲೆ ಹೊರುತ್ತಾರೆ; ಗಂಡು ಹೆಣ್ಣು ಎರಡೂ ಜೋಡಿಯಾಗಿ ಬರುತ್ತವೆ; ಹೊತ್ತವರು ಮೈತುಂಬ ನಾರಿನ ಉಡುಪು ತೊಟ್ಟು, ಬಾಗಿ, ಕೋಲೂರಿ ಕುಣಿಯುತ್ತಾರೆ. ಮನುಷ್ಯರಿಗೆ ಬೇಸಾಯ ಕಲಿಸಿದ ಜೀವಿಯೆಂದು ಅದಕ್ಕೆ ಗೌರವ. ಆ ಹೊಲ, ಆ ಹಾಡು, ಆ ಬಾಗಿದ ಬೆನ್ನು ಇವನ್ನೆಲ್ಲ ಕಳೆದು ಕೆತ್ತನೆಯೊಂದನ್ನೇ ಗೋಡೆಗೆ ನೇತುಹಾಕಿದರೆ, ಯಕ್ಷಗಾನದ ಕಿರೀಟವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು "ಏಷ್ಯಾದ ಟೊಪ್ಪಿಗೆ" ಎಂದು ಚೀಟಿ ಬರೆದಂತೆ.

ನನ್ನ ಸಲಹೆ ಒಂದೇ. ಖಂಡವನ್ನು ಬಿಡಿ, ಒಂದು ವಸ್ತುವನ್ನು ಹಿಡಿಯಿರಿ. ಆಫ್ರಿಕಾ 54 ದೇಶಗಳ, 2,000ಕ್ಕೂ ಮೀರಿದ ಭಾಷೆಗಳ, ಭಾರತದ ಸುಮಾರು ಒಂಬತ್ತರಷ್ಟು ವಿಸ್ತಾರದ ನೆಲ. ಮೂರು ವಾರದಲ್ಲಿ ಅದನ್ನು "ಪರಿಚಯಿಸುತ್ತೇವೆ" ಎಂದು ಹೊರಟರೆ ಸಿಗುವುದು ತಟ್ಟೆಯ ಮುಖವಾಡವೇ.

ನಲವತ್ತು ನಿಮಿಷ:

ಚರ್ಚೆ ಚೆನ್ನಾಗಿದೆ, ಆದರೆ ನೆಲದ ಮೇಲೆ ನಿಂತು ಮಾತಾಡೋಣ. ನನ್ನ ತರಗತಿಯಲ್ಲಿ 62 ಮಕ್ಕಳಿದ್ದಾರೆ. ಒಂದು ಪೀರಿಯಡ್ಡಿಗೆ 40 ನಿಮಿಷ. ಅದರಲ್ಲಿ ಹಾಜರಿ, ಬಿಸಿಯೂಟದ ಲೆಕ್ಕ, ಯಾವುದೋ ತುರ್ತು ಮಾಹಿತಿ ತುಂಬುವ ಕೆಲಸ ಕಳೆದರೆ ಉಳಿಯುವುದು 30. ಇಂಟರ್ನೆಟ್ ಇದ್ದರೆ ಕರೆಂಟ್ ಇಲ್ಲ, ಕರೆಂಟ್ ಇದ್ದರೆ ಪ್ರೊಜೆಕ್ಟರ್ ಇಲ್ಲ. ಹತ್ತನೇ ತರಗತಿಯ ಫಲಿತಾಂಶ ಕಡಿಮೆಯಾದರೆ ಬಂದು ಕೇಳುವ ಅಧಿಕಾರಿಗಳು ಚಿವಾರಾದ ಬಗ್ಗೆ ಕೇಳುವುದಿಲ್ಲ. "ಸಂಶೋಧನೆ" ಎಂಬ ದೊಡ್ಡ ಮಾತನ್ನು ಒಂಬತ್ತನೇ ತರಗತಿಯ ಮಕ್ಕಳಿಗೆ ಹೊರಿಸುವುದು ಎಷ್ಟು ಸರಿ?

ಇತಿಹಾಸದ ಮೇಷ್ಟ್ರು:

ವಿಜಯಪುರದ ನಿವೃತ್ತ ಶಿಕ್ಷಕನ ಎರಡು ಮಾತು. ನಲವತ್ತು ನಿಮಿಷದವರ ಕಷ್ಟ ಸುಳ್ಳಲ್ಲ. ಆದರೆ ಸಂಶೋಧನೆ ಎಂದರೆ ಗ್ರಂಥಾಲಯ, ಇಂಟರ್ನೆಟ್ ಎಂದೇ ಏಕೆ ಭಾವಿಸಬೇಕು? ಒಂದು ಅಚ್ಚಾದ ಚಿತ್ರ, ಮೂರು ಪ್ರಶ್ನೆ ಸಾಕು: ಇದನ್ನು ಮಾಡಿದವರು ಯಾರು, ಇದು ಈಗ ಎಲ್ಲಿದೆ, ಅಲ್ಲಿಗೆ ಹೇಗೆ ಹೋಯಿತು?

ನಾನು ಇದಕ್ಕೆ ಬಳಸುತ್ತಿದ್ದುದು ಬೆನಿನ್ ಫಲಕಗಳನ್ನು. ಮೊದಲ ಎಡವಟ್ಟು ನಕ್ಷೆಯಲ್ಲೇ ಆಗುತ್ತದೆ, ಮತ್ತು ಅದು ಆಗಲಿ ಎಂದೇ ನಾನು ಸುಮ್ಮನಿರುತ್ತಿದ್ದೆ. ಮಕ್ಕಳು ಬೆನಿನ್ ಎಂಬ ದೇಶವನ್ನು ಹುಡುಕಿ ಬೆರಳಿಡುತ್ತಾರೆ. ಆ ಫಲಕಗಳ ಬೆನಿನ್ ಇರುವುದು ಪಕ್ಕದ ನೈಜೀರಿಯಾದ ಎಡೊ ರಾಜ್ಯದಲ್ಲಿ. ಎಡೊ ಜನರ ಅರಸರು, ಅಂದರೆ ಓಬಾಗಳು, ಅಲ್ಲಿನ ಅರಮನೆಯ ಕಂಬಗಳಿಗೆ 16 ಮತ್ತು 17ನೇ ಶತಮಾನಗಳಲ್ಲಿ ಹಿತ್ತಾಳೆಯ ಎರಕದ ಫಲಕಗಳನ್ನು ಹೊದಿಸಿದ್ದರು. ಲೋಕವೆಲ್ಲ "ಬೆನಿನ್ ಕಂಚು" ಎನ್ನುತ್ತದೆ, ಆದರೆ ಬಹುಪಾಲು ಹಿತ್ತಾಳೆಯೇ; ಪೋರ್ಚುಗೀಸರು ವ್ಯಾಪಾರಕ್ಕೆ ತರುತ್ತಿದ್ದ ಬಳೆಯಾಕಾರದ ಲೋಹದ ತುಂಡುಗಳನ್ನು ಕರಗಿಸಿ ಎಷ್ಟೋ ಫಲಕಗಳನ್ನು ಎರೆದಿದ್ದರು. 1897ರ ಫೆಬ್ರವರಿಯಲ್ಲಿ ಬ್ರಿಟಿಷ್ ಸೇನೆ ಆ ನಗರವನ್ನು ಹಿಡಿದು ಅರಮನೆಯನ್ನು ದೋಚಿತು, ಆಗಿನ ಓಬಾನನ್ನು ಕಲಬಾರ್‌ಗೆ ಗಡೀಪಾರು ಮಾಡಿತು, ಫಲಕಗಳು ಹರಾಜಿನಲ್ಲಿ ಚದುರಿದವು. 2022ರಲ್ಲಿ ಆರಂಭವಾದ ಡಿಜಿಟಲ್ ಬೆನಿನ್ ಎಂಬ ಜಾಲತಾಣ ಸುಮಾರು 20 ದೇಶಗಳ 130ಕ್ಕೂ ಹೆಚ್ಚು ಸಂಸ್ಥೆಗಳಲ್ಲಿ ಹಂಚಿಹೋದ 5,000ಕ್ಕೂ ಹೆಚ್ಚು ವಸ್ತುಗಳನ್ನು ಒಂದೆಡೆ ತೋರಿಸುತ್ತದೆ. ಜರ್ಮನಿ ಅದೇ ವರ್ಷ ಕೆಲವನ್ನು ಮರಳಿಸಿತು, ನೆದರ್ಲೆಂಡ್ಸ್ 2025ರಲ್ಲಿ 119 ವಸ್ತುಗಳನ್ನು ಕೊಟ್ಟಿತು. ಹುಡುಗರು ಒಂದು ಫಲಕದ ಪಯಣವನ್ನು ನಕ್ಷೆಯ ಮೇಲೆ ದಾರ ಕಟ್ಟಿ ತೋರಿಸಿದರೆ ಭೂಗೋಳ, ಇತಿಹಾಸ, ನ್ಯಾಯ ಮೂರೂ ಒಂದೇ ಗಂಟಿನಲ್ಲಿ ಬರುತ್ತವೆ.

ಇನ್ನೊಂದು ಸ್ವಾರಸ್ಯ. ಕಂಬಗಳಿಗೆ ಫಲಕ ಹೊದಿಸಿದ್ದರು ಎಂಬುದಕ್ಕೆ ಎಲ್ಲರೂ ಎತ್ತಿ ತೋರಿಸುವ ಹಳೆಯ ಬರಹ ಡಚ್ ಲೇಖಕ ಓಲ್ಫರ್ಟ್ ಡಾಪರ್ 1668ರಲ್ಲಿ ಪ್ರಕಟಿಸಿದ್ದು. ಆ ಮಹಾನುಭಾವ ಆಫ್ರಿಕಾಕ್ಕೆ ಕಾಲಿಟ್ಟವನೇ ಅಲ್ಲ; ಹೋಗಿ ಬಂದವರ ಟಿಪ್ಪಣಿಗಳನ್ನು ಕಲೆಹಾಕಿ ಬರೆದ. ಹಾಗಾದರೆ ಅವನನ್ನು ನಂಬಬಹುದೇ? ಈ ಒಂದು ಪ್ರಶ್ನೆಯ ಮೇಲೆ ನನ್ನ ತರಗತಿ ಎರಡು ಪೀರಿಯಡ್ ಕಾದಾಡಿದ್ದುಂಟು. ಅದಕ್ಕೆ ಕರೆಂಟ್ ಬೇಕಾಗಲಿಲ್ಲ.

ಬಣ್ಣದ ಡಬ್ಬಿ:

ಮೇಷ್ಟ್ರೇ, ಇಲ್ಲೊಂದು ಅಡ್ಡಮಾತು. ಬೆನಿನ್ ಫಲಕದ ಪಾಠಕ್ಕೆ ಕಲಾ ಶಿಕ್ಷಕರು ಸಾಮಾನ್ಯವಾಗಿ ಅಲ್ಯೂಮಿನಿಯಂ ಹಾಳೆಯ ಮೇಲೆ ಪೆನ್ಸಿಲಿನಿಂದ ಒತ್ತಿ ಉಬ್ಬುಚಿತ್ರ ಮಾಡಿಸುತ್ತಾರೆ. ನೋಡಲು ಫಲಕದಂತೆಯೇ ಕಾಣುತ್ತದೆ, ಆದರೆ ಕೈಗೆ ಸುಳ್ಳು ಕಲಿಸುತ್ತದೆ, ಏಕೆಂದರೆ ಎಡೊ ಕುಶಲಿಗರು ತಗಡನ್ನು ಒತ್ತಲಿಲ್ಲ, ಮೇಣದ ಮಾದರಿ ಮಾಡಿ, ಮೇಲೆ ಮಣ್ಣು ಮೆತ್ತಿ, ಕಾಯಿಸಿ, ಮೇಣ ಹರಿದುಹೋದ ಪೊಳ್ಳಿನಲ್ಲಿ ಲೋಹ ಎರೆದರು. ಶಾಲೆಯಲ್ಲಿ ಕುಲುಮೆ ಹೂಡುವುದು ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಮೇಣದಬತ್ತಿಯನ್ನು ಬೆಚ್ಚಗಾಗಿಸಿ ಅಂಗೈಯಗಲದ ಒಂದು ಮೀನೋ ಎಲೆಯೋ ಮಾಡಿ, ಜೇಡಿಮಣ್ಣು ಮೆತ್ತಿ ಒಣಗಿಸಿ, ಮೇಣವನ್ನು ಕರಗಿಸಿ ಬಸಿದು, ಆ ಜಾಗಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದರೆ ಸಾಕು. ಕಾಯಿಸುವ ಕೆಲಸ ಮಾತ್ರ ಶಿಕ್ಷಕರದೇ ಆಗಿರಲಿ.

ಕೊನೆಗೆ ಅಚ್ಚನ್ನು ಒಡೆಯಲೇಬೇಕು. ಅಲ್ಲಿ ಮಕ್ಕಳ ಮುಖ ನೋಡಬೇಕು. "ಸರ್, ಇನ್ನೊಂದು ಬೇಕಾದರೆ?" ಎಂದು ಯಾರೋ ಕೇಳೇ ಕೇಳುತ್ತಾರೆ. ಇನ್ನೊಂದು ಬೇಕಾದರೆ ಮತ್ತೆ ಮೇಣದಿಂದ ಶುರು. ಒಂದು ಫಲಕದಂತೆ ಇನ್ನೊಂದು ಏಕಿಲ್ಲ, ಎರಕದವರಿಗೆ ಅರಮನೆಯಲ್ಲಿ ಅಂಥ ಸ್ಥಾನ ಏಕಿತ್ತು ಎಂಬುದಕ್ಕೆ ಆ ಒಡೆದ ಮಣ್ಣಿಗಿಂತ ಒಳ್ಳೆಯ ಟಿಪ್ಪಣಿ ನನಗೆ ತಿಳಿದಿಲ್ಲ. ಬೆನಿನ್ ನಗರದ ಇಗುನ್ ಬೀದಿಯಲ್ಲಿ ಆ ಕುಶಲಿಗರ ವಂಶಸ್ಥರು ಇಂದಿಗೂ ಎರಕ ಹೊಯ್ಯುತ್ತಿದ್ದಾರೆ ಎಂಬುದನ್ನೂ ಹೇಳಿ. ಇಲ್ಲವಾದರೆ 1897ಕ್ಕೆ ಕತೆ ಮುಗಿಯಿತು ಎಂದು ಮಕ್ಕಳು ತಿಳಿದುಕೊಳ್ಳುತ್ತಾರೆ.

ಸಾಗರದಾಚೆ:

ನಾನು ಪೂರ್ವ ಆಫ್ರಿಕಾದ ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ನೆಲೆಸಿರುವ ಕನ್ನಡತಿ. ಮಣ್ಣು, ಮೇಣ ಯಾವುದೂ ಬೇಡ, ಕಾಗದ ಮತ್ತು ಪೆನ್ಸಿಲ್ ಸಾಕು ಎನ್ನುವವರಿಗೆ ಕಂಗಾ ಇದೆ. ಸ್ವಾಹಿಲಿ ಕರಾವಳಿಯ ಹೆಂಗಸರು ಉಡುವ, ಹೊದೆಯುವ, ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವ ಈ ಹತ್ತಿ ಬಟ್ಟೆಗೆ ಮೂರು ಭಾಗ: ಸುತ್ತಲಿನ ಅಂಚು ಪಿಂಡೊ, ನಡುವಿನ ಬಯಲು ಎಮ್‌ಜಿ, ಮತ್ತು ಕೆಳಗೆ ಒಂದು ಸಾಲಿನ ಮಾತು, ಜಿನಾ. ಆ ಸಾಲು ಗಾದೆಯಾಗಿರಬಹುದು, ಹಾರೈಕೆಯಾಗಿರಬಹುದು, ಪಕ್ಕದ ಮನೆಯವಳಿಗೆ ಹಾಕಿದ ಚುಚ್ಚುಮಾತೂ ಆಗಿರಬಹುದು. ಬಾಯಿಬಿಟ್ಟು ಹೇಳಲಾಗದ್ದನ್ನು ಬಟ್ಟೆಯಿಂದ ಹೇಳಿಸುವ ಜಾಣ್ಮೆ ಇದು. "ಹರಾಕ ಹರಾಕ ಹೈನಾ ಬರಾಕ", ಅಂದರೆ ಅವಸರಕ್ಕೆ ಬರಕತ್ತಿಲ್ಲ, ಎಂಬ ಗಾದೆ ಇಲ್ಲಿ ಎಲ್ಲರ ಬಾಯಲ್ಲಿದೆ. ಕೊನೆಯ ಪದ ನಮ್ಮ ಉತ್ತರ ಕರ್ನಾಟಕದವರಿಗೆ ಅನುವಾದವನ್ನೇ ಕೇಳುವುದಿಲ್ಲ, ನೋಡಿ. ಹಿಂದೆ ಈ ಸಾಲುಗಳನ್ನು ಅರಬ್ಬಿ ಲಿಪಿಯಲ್ಲಿ ಬರೆಯುತ್ತಿದ್ದರು, ಈಗ ರೋಮನ್ ಲಿಪಿ. ಕಂಗಾದ ಕತೆಯಲ್ಲಿ ಭಾರತಕ್ಕೂ ಪಾಲಿದೆ: ಮೊಂಬಾಸಾದ, ಜಂಜಿಬಾರಿನ ಭಾರತೀಯ ಮೂಲದ ವ್ಯಾಪಾರಿಗಳು ಇದನ್ನು ಮಾರಿದರು, ಭಾರತದಲ್ಲೇ ಅಚ್ಚಾಗಿ ಹಡಗೇರಿ ಬಂದ ಕಂಗಾಗಳೂ ಅಸಂಖ್ಯ.

ಮಕ್ಕಳಿಗೆ ಕಂಗಾದ ವಿನ್ಯಾಸ ಮಾಡಿಸುವಾಗ ಒಂದು ಷರತ್ತು ಹಾಕಿ. ಇದನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಕೊಡುತ್ತಿದ್ದಾರೆ ಎಂದು ಮೊದಲು ಬರೆಯದೆ ಬಣ್ಣ ಮುಟ್ಟುವಂತಿಲ್ಲ. ಸಂದರ್ಭ ಗೊತ್ತಾದ ಮೇಲೆಯೇ ಗಾದೆ, ಗಾದೆ ಸಿಕ್ಕ ಮೇಲೆಯೇ ಚಿತ್ರ. ಇಲ್ಲಿ ಅಂಗಡಿಗೆ ಹೋದ ಹೆಂಗಸರೂ ಬಣ್ಣ ಎಷ್ಟೇ ಚೆನ್ನಾಗಿದ್ದರೂ ಸಾಲನ್ನು ಓದದೆ ಕಂಗಾ ಕೊಳ್ಳುವುದಿಲ್ಲ.

ಕೌದಿ ಮನೆ:

ಬಹಳ ಹೊತ್ತಿನಿಂದ ಓದುತ್ತಿದ್ದೇನೆ, ಬರೆಯಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ. ನಾನು ಸಿದ್ದಿ ಸಮುದಾಯದವಳು, ಈಗ ಪ್ರಾಥಮಿಕ ಶಾಲೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ನಾನು ಓದುತ್ತಿದ್ದ ಶಾಲೆಯಲ್ಲಿ ಆಫ್ರಿಕಾದ ಪಾಠ ಬಂದ ದಿನ ಇಡೀ ತರಗತಿ ಹಿಂದಕ್ಕೆ ತಿರುಗಿ ನನ್ನನ್ನು ನೋಡಿತ್ತು. ಮೇಷ್ಟ್ರು ಒಳ್ಳೆಯ ಮನಸ್ಸಿನಿಂದಲೇ "ನೀನು ಹೇಳಮ್ಮ" ಎಂದರು. ಏನು ಹೇಳಲಿ? ನನ್ನ ಅಜ್ಜಿ ಯಲ್ಲಾಪುರದ ಕಾಡನ್ನು ಬಿಟ್ಟು ಹುಬ್ಬಳ್ಳಿಯನ್ನೂ ನೋಡಿದವಳಲ್ಲ. ಕಾಡಂಚಿನ ಶಾಲೆಯ ಮೇಡಂ, ನಿಮ್ಮ ಊರಿನ ಕಡೆ ಎಂದಮೇಲೆ ನಿಮ್ಮ ತರಗತಿಯಲ್ಲೂ ನಮ್ಮ ಮಕ್ಕಳಿರುವ ಸಾಧ್ಯತೆ ಹೆಚ್ಚು. ಅವರನ್ನು ದಯವಿಟ್ಟು ಪ್ರದರ್ಶನದ ವಸ್ತುವನ್ನಾಗಿ ಮಾಡಬೇಡಿ. ನಮ್ಮ ಪೂರ್ವಿಕರು ಆಫ್ರಿಕಾದಿಂದ ಬಂದವರು ಎಂಬುದು ನಿಜ. ಎಷ್ಟೋ ಮಂದಿ ಪೋರ್ಚುಗೀಸರ ಗೋವೆಯಲ್ಲಿ ಗುಲಾಮರಾಗಿದ್ದು ತಪ್ಪಿಸಿಕೊಂಡು ಈ ಕಾಡು ಸೇರಿದರು. ಆದರೆ ನಾವು ಇಲ್ಲಿಯವರು. ನಮ್ಮಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ.

ಕಲೆಯ ಮಾತು ಬಂದಿದ್ದರಿಂದ ನಮ್ಮ ಕೌದಿಯ ಬಗ್ಗೆ ಹೇಳುತ್ತೇನೆ. ನಮ್ಮ ಹೆಂಗಸರು ಹಳೆಯ ಸೀರೆಯನ್ನು ಹಾಸಿ, ಅದರ ಮೇಲೆ ಹಳೆಯ ಬಟ್ಟೆಯ ತುಂಡುಗಳನ್ನಿಟ್ಟು, ಒಂದು ಮೂಲೆಯಿಂದ ಹೊರಟು ಅಂಚಿನುದ್ದಕ್ಕೂ ಸುತ್ತುತ್ತಾ, ದಾರದ ಸಾಲುಗಳನ್ನು ಒಳಒಳಗೆ ತಂದು ನಡುವಿನಲ್ಲಿ ಮುಗಿಸುತ್ತಾರೆ. ನಕಾಶೆ ಬರೆದುಕೊಳ್ಳುವುದಿಲ್ಲ. ನಾಲ್ಕು ಮೂಲೆಗೆ ಮಡಿಸಿ ಹೊಲಿದ ತ್ರಿಕೋನದ ಹೂವುಗಳನ್ನು ಇಡಲೇಬೇಕು. ಹೂವಿಲ್ಲದ ಕೌದಿ ಬರಿಮೈಯಲ್ಲಿದ್ದಂತೆ ಎನ್ನುತ್ತಾರೆ. ಕೆಲವರ ಕೌದಿಯಲ್ಲಿ ಶಿಲುಬೆ ಕಾಣುತ್ತದೆ, ಕೆಲವರದರಲ್ಲಿ ಅರ್ಧಚಂದ್ರ.

ನೋಡಲು ಬಂದವರು "ಥೇಟ್ ಆಫ್ರಿಕಾದ ಹಾಗೇ ಇದೆ" ಎಂದು ಹೇಳಿಬಿಡುತ್ತಾರೆ. ಹಾಗೆ ಕಂಡಮಾತ್ರಕ್ಕೆ ಹಾಗೇ ಆಯಿತೇ? ಉತ್ತರ ಕರ್ನಾಟಕದ ಮನೆಮನೆಯಲ್ಲೂ ಕೌದಿ ಇದೆ. ಯಾವುದು ಸಾಗರ ದಾಟಿ ಬಂದದ್ದು, ಯಾವುದು ಇಲ್ಲಿ ನೆರೆಹೊರೆಯವರಿಂದ ಕಲಿತದ್ದು, ಯಾವುದು ನಮ್ಮ ಹೆಂಗಸರೇ ಕಂಡುಕೊಂಡದ್ದು ಎಂದು ಕೇಳುವುದೇ ನಿಮ್ಮ ಸಂಶೋಧನೆಯಾಗಲಿ. ಮತ್ತೆ, ಕೌದಿ ಹೊಲಿಯುವವರನ್ನು ಶಾಲೆಗೆ ಕರೆದರೆ ಗುರುಗಳೆಂದು ಕರೆಯಿರಿ, ಕುರ್ಚಿ ಕೊಡಿ, ಆ ದಿನದ ಕೂಲಿಯನ್ನೂ ಕೊಡಿ.

ಇತಿಹಾಸದ ಮೇಷ್ಟ್ರು:

ತಂಗಿ ಬರೆದದ್ದನ್ನು ಎರಡು ಸಲ ಓದಿದೆ. ಇದಕ್ಕೆ ಸೇರಿಸಬೇಕಾದದ್ದು ಇಷ್ಟೇ: ಆಫ್ರಿಕಾದಿಂದ ದಖನ್ನಿಗೆ ಬಂದವರ ಕತೆ ಗುಲಾಮಗಿರಿಯಲ್ಲೇ ಮುಗಿಯುವುದಿಲ್ಲ. ಇಥಿಯೋಪಿಯಾದಲ್ಲಿ ಹುಟ್ಟಿ, ಮಾರಲ್ಪಟ್ಟು ಬಂದ ಮಲಿಕ್ ಅಂಬರ್ ಅಹಮದನಗರದ ಆಡಳಿತವನ್ನೇ ಕೈಗೆ ತೆಗೆದುಕೊಂಡು, 1626ರಲ್ಲಿ ಸಾಯುವವರೆಗೂ ಮೊಗಲರನ್ನು ತಡೆದು ನಿಲ್ಲಿಸಿದ. ನಮ್ಮ ವಿಜಯಪುರದಲ್ಲೇ ಮುಹಮ್ಮದ್ ಆದಿಲ್ ಶಾಹನ ಮಂತ್ರಿಯಾಗಿದ್ದ ಇಖ್ಲಾಸ್ ಖಾನ್ ಹಬಶಿ, ಅಂದರೆ ಇಥಿಯೋಪಿಯಾದ ಕಡೆಯ, ಮೂಲದವನು. 17ನೇ ಶತಮಾನದ ಬಿಜಾಪುರದ ಚಿತ್ರಕಾರರು ಅವನನ್ನು ಜರಿಯ ನಿಲುವಂಗಿಯಲ್ಲಿ, ಕೆಲವೊಮ್ಮೆ ಸುಲ್ತಾನನ ಜೊತೆಯಲ್ಲೇ ಬರೆದಿದ್ದಾರೆ. ಆ ಚಿತ್ರವನ್ನು ಹೆಸರು ಹೇಳದೆ ಮಕ್ಕಳ ಮುಂದಿಟ್ಟು "ಇವರು ಯಾರಿರಬಹುದು?" ಎಂದು ಕೇಳಿ ನೋಡಿ.

ರಸಾಯನ:

ಕಾಡಂಚಿನ ಶಾಲೆಯವರಿಗೆ ವಿಜ್ಞಾನದ ಕಡೆಯಿಂದ ಒಂದು ದಾರಿ. ಮಾಲಿಯ ಬೊಗೊಲಾನ್‌ಫಿನಿ ಎಂಬ ಬಟ್ಟೆಯ ಹೆಸರಿನಲ್ಲೇ ಪಾಠವಿದೆ: ಬಮನಾ ಭಾಷೆಯಲ್ಲಿ ಬೊಗೊ ಎಂದರೆ ಕೆಸರು, ಫಿನಿ ಎಂದರೆ ಬಟ್ಟೆ. ಗಂಡಸರು ಕಿರಿದಾದ ಮಗ್ಗದಲ್ಲಿ ನೇಯ್ದ ಹತ್ತಿಯ ಪಟ್ಟಿಗಳನ್ನು ಜೋಡಿಸಿ ಹೊಲಿದು ಬಟ್ಟೆ ಮಾಡುತ್ತಾರೆ. ಹೆಂಗಸರು ಅದನ್ನು ಎಲೆಯ ಕಷಾಯದಲ್ಲಿ ನೆನೆಸಿ ಹಳದಿಯಾಗಿಸಿ, ಕೊಳದ ತಳದಿಂದ ತಂದು ಗಡಿಗೆಯಲ್ಲಿ ಬಹುಕಾಲ ಹುಳಿಯಲು ಬಿಟ್ಟ ಕೆಸರಿನಿಂದ ಬರೆಯುತ್ತಾರೆ. ತೊಳೆದಾಗ ಕೆಸರು ಹೋಗುತ್ತದೆ, ಕಪ್ಪು ಉಳಿಯುತ್ತದೆ. ಎಲೆಯ ಒಗರು, ಅಂದರೆ ಟ್ಯಾನಿನ್, ಕೆಸರಿನ ಕಬ್ಬಿಣದೊಡನೆ ಸೇರಿ ನೂಲಿನೊಳಗೇ ಕಪ್ಪು ವರ್ಣವಾಗುತ್ತದೆ. ಆ ಎಲೆ ಕೊಡುವ ನ್ಗಲಾಮಾ ಮರ ನಮ್ಮ ಕಾಡಿನ ದಿಂಡಿಗದ ಹತ್ತಿರದ ಬಂಧು ಎಂಬುದು ನಿಮ್ಮ ಘಟ್ಟದ ಮಕ್ಕಳಿಗೆ ಖುಷಿ ಕೊಡಬಹುದು.

ನಮ್ಮಲ್ಲಿ ಇದನ್ನು ಅಳಲೆಕಾಯಿಯ ಕಷಾಯ ಮತ್ತು ತುಕ್ಕು ಹಿಡಿದ ಮೊಳೆಗಳನ್ನು ಬೆಲ್ಲದ ನೀರಿನಲ್ಲಿ ಎರಡು ವಾರ ನೆನೆಸಿದ ದ್ರವದಿಂದ ಮಾಡಬಹುದು. ಕಲಂಕಾರಿಯವರು ಕಪ್ಪು ತೆಗೆಯುವುದೂ ಹೀಗೆಯೇ. ಇದು ಬೊಗೊಲಾನ್ ಅಲ್ಲ, ಅದರ ರಸಾಯನವನ್ನು ಅರಿಯುವ ಪ್ರಯೋಗ ಎಂದು ಮಕ್ಕಳಿಗೆ ಸ್ಪಷ್ಟವಾಗಿ ಹೇಳಿಬಿಡಿ. ವಾಸನೆಗೆ ಮಾತ್ರ ಸಿದ್ಧರಾಗಿರಿ.

ಕಾಡಂಚಿನ ಶಾಲೆ:

ಏಳು ವಾರಗಳ ನಂತರ ಬರೆಯುತ್ತಿದ್ದೇನೆ. ಎಲ್ಲರ ಸಲಹೆಯನ್ನೂ ಒಟ್ಟಿಗೆ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡಿದ್ದರೆ ಹಳೆಯ ತಪ್ಪೇ ಆಗುತ್ತಿತ್ತು. ಮಾಲಿಯ ಒಂದು ಬಟ್ಟೆ, ನಮ್ಮೂರಿನ ಒಂದು ಕೌದಿ, ಎರಡೇ. ಸಮಾಜ ವಿಜ್ಞಾನದ ಆರು ಪೀರಿಯಡ್, ವಿಜ್ಞಾನದವರು ಬಿಟ್ಟುಕೊಟ್ಟ ಎರಡು, ಡ್ರಾಯಿಂಗಿನ ನಾಲ್ಕು, ಕನ್ನಡದ ಒಂದು. ಚಟುವಟಿಕೆಯ ಅಂಕಗಳನ್ನು ಎಫ್‌ಎಗೆ, ಅಂದರೆ ರೂಪಣಾತ್ಮಕ ಮೌಲ್ಯಮಾಪನಕ್ಕೆ, ಹಾಕಿದೆವು.

ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ವಸ್ತುಸಂಗ್ರಹಾಲಯಗಳ ಜಾಲತಾಣಗಳಿಂದ ಬೊಗೊಲಾನ್‌ನ ಐದು ಚಿತ್ರಗಳನ್ನು ಇಳಿಸಿಕೊಂಡು ಪಟ್ಟಣದಲ್ಲಿ ಬಣ್ಣದ ಪ್ರಿಂಟ್ ಹಾಕಿಸಿ ತಂದಿದ್ದೆ. ಮಕ್ಕಳು ಅವನ್ನು ನೋಡಿ, ವಿನ್ಯಾಸ ಆರಿಸಿಕೊಂಡು, ಅಳಲೆಯಲ್ಲಿ ಅದ್ದಿ ಒಣಗಿಸಿದ ಬಟ್ಟೆಯ ಮೇಲೆ ಕಬ್ಬಿಣದ ನೀರಿನಿಂದ ಗೆರೆ ಎಳೆದರು. ಕಡ್ಡಿ ಮುಟ್ಟಿದಲ್ಲೆಲ್ಲ ಕಣ್ಣೆದುರೇ ಕಪ್ಪಾಗುವುದನ್ನು ಕಂಡು ತರಗತಿಯಲ್ಲಿ ಸಂತೆಯ ಗದ್ದಲ. ಒಣಗಿದ ಮೇಲೆ ಪ್ರಿಂಟಿನ ಪಕ್ಕದಲ್ಲಿಟ್ಟು ಹೋಲಿಸುವಾಗ ಹಿಂದಿನ ಬೆಂಚಿನ ಒಬ್ಬ ಹುಡುಗ, ಇಡೀ ವರ್ಷ ನನ್ನೊಡನೆ ಹತ್ತು ಮಾತೂ ಆಡದವನು, "ಟೀಚರ್, ನಾವು ಉಲ್ಟಾ ಮಾಡಿದ್ದೇವೆ" ಎಂದ. ನಮ್ಮದರಲ್ಲಿ ಹಳದಿ ನೆಲದ ಮೇಲೆ ಕಪ್ಪು ಗೆರೆ. ಮಾಲಿಯದರಲ್ಲಿ ಕಪ್ಪು ನೆಲದಲ್ಲಿ ಬಿಳಿ ಗೆರೆ. ಆ ಐದು ಚಿತ್ರಗಳನ್ನು ನಾನು ಹದಿನೈದು ದಿನ ಬ್ಯಾಗಿನಲ್ಲಿಟ್ಟುಕೊಂಡು ತಿರುಗಿದ್ದೆ, ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಹಾಗಾದರೆ ಬಿಳಿ ಬಣ್ಣವನ್ನು ಮೇಲೆ ಬರೆಯುತ್ತಾರೆಯೇ ಎಂಬ ಪ್ರಶ್ನೆ ಎದ್ದಿತು, ಮತ್ತೆ ಓದಿಗೆ ಹೋದೆವು. ಬರೆಯುವುದಿಲ್ಲ. ಹೆಂಗಸರು ಗೆರೆಯನ್ನು ಬರೆಯದೆ, ಗೆರೆಯ ಸುತ್ತಲಿನ ನೆಲವನ್ನೆಲ್ಲ ಕೆಸರಿನಿಂದ ತುಂಬುತ್ತಾರೆ. ಒಣಗಿಸಿ, ತೊಳೆದು, ಕಪ್ಪು ಗಾಢವಾಗುವವರೆಗೆ ಮತ್ತೆ ತುಂಬುತ್ತಾರೆ. ಕೊನೆಗೆ ಉಳಿದ ಹಳದಿ ಗೆರೆಯನ್ನು ಕ್ಷಾರದ ಸೋಪಿನಿಂದ ಸವರಿ ಬಿಳುಪಾಗಿಸುತ್ತಾರೆ. ಇದನ್ನು ಓದಿ ಹೇಳಿದ್ದರೆ ಮಕ್ಕಳು ಬರೆದುಕೊಂಡು ಮರೆಯುತ್ತಿದ್ದರು. ಕೈಯಿಂದ ಒಮ್ಮೆ ತಪ್ಪು ಮಾಡಿದ್ದರಿಂದ ಎರಡನೆಯ ಬಟ್ಟೆಯನ್ನು ಅವರೇ ಕೇಳಿ ಪಡೆದರು. ಬಿಡಬೇಕಾದ ಗೆರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಉಳಿದದ್ದನ್ನು ತುಂಬುವುದು ಎಷ್ಟು ಕಷ್ಟವೆಂದರೆ ಒಂದು ಗೇಣು ಬಟ್ಟೆಗೆ ಎರಡು ಪೀರಿಯಡ್ ಹಿಡಿಯಿತು. "ಇಡೀ ಬಟ್ಟೆಗೆ ಎಷ್ಟು ದಿನ ಬೇಕು?" ಎಂದು ಲೆಕ್ಕ ಹಾಕಲು ಹೊರಟವರೂ ಅವರೇ. ಇದು ಬೇಟೆಗಾರರ ಉಡುಪು, ಹೆಣ್ಣುಮಕ್ಕಳ ಬದುಕಿನ ಮುಖ್ಯ ಘಟ್ಟಗಳ ಉಡುಪು, ವಿನ್ಯಾಸಗಳಿಗೆ ತಾಯಿಯಿಂದ ಮಗಳಿಗೆ ಬಂದ ಹೆಸರುಗಳಿವೆ ಎಂಬುದನ್ನು ಆಮೇಲೆ ಓದಿದಾಗ ಅವರು ಕೇಳಿದ ರೀತಿಯೇ ಬೇರೆಯಾಗಿತ್ತು. 1978ರಲ್ಲಿ ಆರಂಭವಾದ ಕಸೊಬಾನೆ ಎಂಬ ಕಲಾವಿದರ ಗುಂಪು ಅದೇ ಕೆಸರಿನಿಂದ ಹೊಸ ಚಿತ್ರ ಬರೆಯಿತು, ಕ್ರಿಸ್ ಸೇಡು ಎಂಬ ಮಾಲಿಯ ವಿನ್ಯಾಸಕಾರ ಅದನ್ನು ಫ್ಯಾಷನ್ ಲೋಕಕ್ಕೆ ಒಯ್ದ ಎಂಬುದನ್ನೂ ಸೇರಿಸಿದೆ.

ಕೌದಿಯ ದಿನ ಇಬ್ಬರು ಹಿರಿಯ ಹೆಂಗಸರು ಬಂದಿದ್ದರು. ಕೌದಿ ಮನೆಯವರು ಹೇಳಿದಂತೆ ಕುರ್ಚಿ, ಕೂಲಿ ಎರಡೂ ಸಲ್ಲಿಸಿದೆವು. ಅವರು ಕುರ್ಚಿ ಬಿಟ್ಟು ನೆಲದ ಮೇಲೆಯೇ ಕೂತರು, ಏಕೆಂದರೆ ಕೌದಿ ಹೊಲಿಯುವುದು ನೆಲದ ಮೇಲೆ. ನಮ್ಮ ಸಿದ್ದಿ ವಿದ್ಯಾರ್ಥಿಗಳನ್ನು ನಾನು ಏನೂ ಕೇಳಲಿಲ್ಲ. ಬಂದವರಲ್ಲಿ ಒಬ್ಬರು ತನ್ನ ದೊಡ್ಡಮ್ಮ ಎಂದು ಒಬ್ಬಳು ತಾನಾಗಿಯೇ ಹೇಳಿಕೊಂಡು, ಇಡೀ ಮಧ್ಯಾಹ್ನ ಉಳಿದವರ ಹೊಲಿಗೆ ಬಿಚ್ಚಿಸಿ ಮತ್ತೆ ಹಾಕಿಸಿದಳು.

ಕನ್ನಡದ ಪೀರಿಯಡ್ಡಿನಲ್ಲಿ ಪ್ರದರ್ಶನದ ಚೀಟಿಗಳನ್ನು ಬರೆಸಿದೆವು. ಯಾರದು, ಎಲ್ಲಿಯದು, ಯಾವುದರಿಂದ ಮಾಡಿದ್ದು, ಈಗ ಎಲ್ಲಿದೆ, ಮತ್ತು ಕೊನೆಯ ಸಾಲು ಎಲ್ಲದಕ್ಕೂ ಕಡ್ಡಾಯ: ಇದು ನಮಗೆ ಹೇಗೆ ಗೊತ್ತು? ಕಳೆದ ವರ್ಷ ಪ್ರಶ್ನೆ ಕೇಳಿದ್ದ ಹುಡುಗಿ ಈಗ ಹತ್ತನೇ ತರಗತಿ. ಅವಳು ಹಳೆಯ ಕಟ್ಟಿನಿಂದ ತನ್ನ ತಟ್ಟೆಯ ಮುಖವಾಡವನ್ನು ಹುಡುಕಿ ತಂದು, ಅದನ್ನೂ ಇಡಬೇಕೆಂದು ಹಟ ಹಿಡಿದಳು. ಅವಳು ಬರೆದ ಚೀಟಿ ಹೀಗಿದೆ: "ಮುಖವಾಡ. ಕಾಗದದ ತಟ್ಟೆ, ಪೋಸ್ಟರ್ ಬಣ್ಣ, ಫೆವಿಕಾಲ್. ಆಫ್ರಿಕಾದ ಯಾವ ಜನರಿಗೂ ಸೇರಿದ್ದಲ್ಲ. ನಮಗೆ ಹೇಗೆ ಗೊತ್ತು? ನಾವೇ ಮಾಡಿದ್ದು."

ನಲವತ್ತು ನಿಮಿಷ:

ಚೀಟಿ ಓದಿ ನಕ್ಕೆ. 62 ಮಕ್ಕಳಿಗೆ ಇದನ್ನು ಮಾಡಲು ಎಷ್ಟು ಬಟ್ಟೆ, ಎಷ್ಟು ಅಳಲೆಕಾಯಿ ಬೇಕಾಗುತ್ತದೆ? ಪ್ರತಿಯೊಬ್ಬರಿಗೂ ಕೊಡಲು ನಮ್ಮಿಂದ ಆಗುವುದಿಲ್ಲ.

ರಸಾಯನ:

ನಾಲ್ಕು ಮಕ್ಕಳಿಗೆ ಒಂದು ತುಂಡು ಎಂದರೆ ಹದಿನಾರು ತುಂಡು. ನಾಲ್ಕು ಮೀಟರ್ ಕೋರಾ ಬಟ್ಟೆ ಸಾಕು. ಗಂಜಿ ಹೋಗುವಂತೆ ಸೋಪು ಹಾಕಿ ಕುದಿಸಿ ಮೊದಲು ತೊಳೆಯಿರಿ, ಇಲ್ಲವಾದರೆ ಕಷಾಯ ಒಳಗೆ ಇಳಿಯುವುದಿಲ್ಲ. ಮೀಟರಿಗೆ 50 ಗ್ರಾಂ ಅಳಲೆಪುಡಿ, ಎರಡು ಲೀಟರ್ ನೀರು. ಅದ್ದಿದ ಮೇಲೆ ತೊಳೆಯದೆ ಬಿಸಿಲಿಗೆ ಹಾಕಿ. ಕಬ್ಬಿಣದ ನೀರನ್ನು ಮೈದಾ ಗಂಜಿಯೊಡನೆ ಕಲಸಿದರೆ ಗೆರೆ ಹರಡುವುದಿಲ್ಲ, ಆದರೆ ಹೆಚ್ಚು ಗಟ್ಟಿ ಮಾಡಬೇಡಿ. ಕಬ್ಬಿಣ ಅತಿಯಾದರೆ ಕೆಲವು ವರ್ಷಗಳಲ್ಲಿ ಬಟ್ಟೆಯನ್ನೇ ತಿನ್ನುತ್ತದೆ. ಮೊಳೆಗಳನ್ನು ಇವತ್ತೇ ನೆನೆಹಾಕಿ, ಡಬ್ಬಿಯನ್ನು ಸ್ಟಾಫ್ ರೂಮಿನಿಂದ ದೂರ ಇಡಿ.